ಸಾಹೇಬರ ಬುಗುರಿ, ಶೈಲಾಳ ಕುಬಸದ ಸೀರೆ

ನಿನ್ನೆ ಕಪಾಟಿನ ಕೆಳಗೆ ಕಸಬರಿಗೆ ಆಡಿಸಿದಾಗ ದುಂಡನೆಯ ರಟ್ಟೊಂದು ಹೊರಗೆ ಬಂತು. ಅರ್ಧ ಕೆಂಪು, ಅರ್ಧ ಹಸಿರು, ನಟ್ಟನಡುವೆ ಒಂದು ತೂತು. ಹಿಂದೆ ತಿರುಗಿಸಿ ನೋಡಿದರೆ ಯಾರದೋ ಮದುವೆಯ ಆಮಂತ್ರಣ. ಕತ್ತರಿ ಹೇಗೆ ಬಿದ್ದಿತ್ತೆಂದರೆ ವಧು ಉಳಿದಿದ್ದಳು, ವರ ಹೋಗಿದ್ದ.

ನಿಮ್ಮ ಮನೆಯಲ್ಲಿ ಕಪಾಟಿನ ಕೆಳಗೆ ಏನು ಸಿಗುತ್ತದೆಯೋ ನನಗೆ ಗೊತ್ತಿಲ್ಲ. ಗುಂಡಿ, ಪಿನ್ನು, ಒಂಟಿ ಬೆಂಡೋಲೆ ಸಿಗುವುದು ಲೋಕಾರೂಢಿ. ನಮ್ಮಲ್ಲಿ ಭೌತಶಾಸ್ತ್ರ ಸಿಗುತ್ತದೆ.

ನಮ್ಮವರು ರೋಣದಲ್ಲಿ ಕಾಲೇಜು ಹುಡುಗರಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಗಂಡಸರು ಏನಾದರೊಂದು ಹಿಡಿದುಕೊಳ್ಳುತ್ತಾರೆ. ಎದುರು ಮನೆಯವರು ಯೋಗಾಸನ ಹಿಡಿದರು. ನನ್ನ ಮೈದುನ ಇಸ್ಪೀಟು ಹಿಡಿದ. ನಮ್ಮವರು ತೀರಿಕೊಂಡು ಶತಮಾನ ದಾಟಿದ ಸ್ಕಾಟ್ಲೆಂಡಿನ ವಿಜ್ಞಾನಿಯೊಬ್ಬರನ್ನು ಹಿಡಿದರು. ಬೆಳಕು, ವಿದ್ಯುತ್ತು, ಅಯಸ್ಕಾಂತ ಮೂರೂ ಒಂದೇ ಸಂಸಾರದವು ಎಂದು ಬರೀ ಗಣಿತದಿಂದ ತೋರಿಸಿಕೊಟ್ಟವರಂತೆ ಅವರು. ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದೆನೋ, ಇವರು ಹಿಂದಿನಿಂದ ಬಂದು ಕಾಗದ ಕಸಿದುಕೊಂಡು ತಮ್ಮದೂ ನಾಲ್ಕು ಪುಟ ಸೇರಿಸಿಬಿಡುತ್ತಾರೆ. ಮನೆಯಲ್ಲಿ ನಾನು ಅವರನ್ನು ಸಾಹೇಬರು ಎನ್ನುತ್ತೇನೆ. ಅಷ್ಟು ಸಾಕು.

ಸಾಹೇಬರು ನಮ್ಮ ಮನೆಗೆ ಬಂದದ್ದು ಹೇಗೆಂದರೆ, ಮುಶಿಗೇರಿಯ ಶಾಲೆಯವರು ಮಕ್ಕಳಿಗೆ ವಿಜ್ಞಾನದ ನಾಲ್ಕು ಮಾತು ಹೇಳಿ ಎಂದು ಇವರನ್ನು ಕರೆದಿದ್ದರು. ಹೇಳಿ ಬಂದವರು ನಿಲ್ಲಿಸಲೇ ಇಲ್ಲ. ಬೆಳಿಗ್ಗೆ ಚಹದ ಜೊತೆ ಸಾಹೇಬರು, ಊಟದಲ್ಲಿ ರೊಟ್ಟಿಯ ಪಕ್ಕದಲ್ಲಿ ಸಾಹೇಬರು. ನಾನು ಒಗ್ಗರಣೆ ಹಾಕುತ್ತಿದ್ದರೆ ಸಾಸಿವೆ ಸಿಡಿಯುವುದಕ್ಕೂ ಸಾಹೇಬರಿಗೂ ನಂಟು ತೆಗೆದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಿಂತರೆ ಸರಿ, ಆ ಬಾಗಿಲಿನಿಂದಲೇ ಅಲ್ಲವೆ ಬೆಳಕು ಬರುವುದು? ಬೆಳಕಿನ ಬಗ್ಗೆ ಹೇಳುವ ಮನುಷ್ಯ ಬೆಳಕಿಗೆ ಅಡ್ಡ ನಿಲ್ಲಬಾರದು ಎಂಬುದು ನನ್ನ ಸಣ್ಣ ಅಭಿಪ್ರಾಯ.

ಒಂದು ಸಂಗತಿ ಮಾತ್ರ ನನ್ನ ಮನಸ್ಸಿಗೆ ಹತ್ತಿತು. ಸಾಹೇಬರು ಸಣ್ಣವರಿದ್ದಾಗ ಅವರ ಅಪ್ಪ ತಾವೇ ವಿಚಾರ ಮಾಡಿ ಮಗನಿಗೆ ಅಂಗಿ ಹೊಲಿಸಿದ್ದರಂತೆ, ಮುಂದೆ ಚೌಕನೆಯ ಮೂತಿಯ ಬೂಟು ಮಾಡಿಸಿದ್ದರಂತೆ. ದೊಡ್ಡ ಊರಿನ ಶಾಲೆಗೆ ಮೊದಲ ದಿನ ಹೋದಾಗ ಹುಡುಗರು ಸುತ್ತುವರಿದು ನಕ್ಕು, ಹಿಡಿದು ಜಗ್ಗಾಡಿ, ಅಂಗಿ ಚಿಂದಿ ಮಾಡಿ ಕಳಿಸಿದರಂತೆ. ಇದನ್ನು ಕೇಳಿದಾಗ ನಾನು ಸೌಟು ಕೆಳಗಿಟ್ಟೆ. ಯಾಕೆಂದರೆ ನನ್ನಪ್ಪ ಗಜೇಂದ್ರಗಡದ ಅಂಗಡಿಕಾರರು. ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟಿಗೆ ಹಾಕುವಾಗ ಯೂನಿಫಾರ್ಮನ್ನು ನಮ್ಮೂರ ಸಿಂಪಿಗನ ಕಡೆಯೇ ಹೊಲಿಸಿದ್ದರು. "ಬೆಳಿಯೋ ಹುಡುಗಿ, ಉದ್ದ ಬಿಡಪಾ" ಎಂದು ಅಪ್ಪ ಹೇಳಿದ್ದರಿಂದ ಸ್ಕರ್ಟು ಪಾದ ಮುಟ್ಟಿತ್ತು. ವರಾಂಡದಲ್ಲಿ ನಡೆದರೆ ಕಸ ಗುಡಿಸಿದಂತೆ ಸಪ್ಪಳ. ಉಳಿದ ಹುಡುಗಿಯರು ಎದ್ದು ನಿಂತು ನನಗೆ "ಗುಡ್ ಮಾರ್ನಿಂಗ್ ಸಿಸ್ಟರ್" ಎಂದರು. ಅಷ್ಟುದ್ದದ ಬಟ್ಟೆ ಅಲ್ಲಿ ಸನ್ಯಾಸಿನಿಯರು ಮಾತ್ರ ಹಾಕುತ್ತಿದ್ದರು. ನಾನು ತಲೆ ಬಗ್ಗಿಸಿ ತಿರುಗಿ "ಗುಡ್ ಮಾರ್ನಿಂಗ್" ಎಂದೆ. ಇಂದಿಗೂ ನನ್ನ ಸ್ವಭಾವ ಅದೇ. ನಗುವವರಿಗೂ ನಮಸ್ಕಾರ ಹೇಳುವವಳು.

ಹೀಗೆ ಮೆತ್ತಗಿನವಳು ಸಿಕ್ಕರೆ ಭೌತಶಾಸ್ತ್ರ ಬಿಡುತ್ತದೆಯೆ?

ಆ ಮೇಲೆ ಬುಗುರಿಯ ಕಾಲ ಬಂತು. ನಮ್ಮವರು ಮನೆಗೆ ಬಂದ ಮದುವೆಯ ಆಮಂತ್ರಣಗಳನ್ನೆಲ್ಲ ದುಂಡಗೆ ಕತ್ತರಿಸತೊಡಗಿದರು. ಸಾಹೇಬರು ಬಣ್ಣದ ಕಾಗದಗಳನ್ನು ದುಂಡಗೆ ಕತ್ತರಿಸಿ, ಬುಗುರಿಯ ಮೇಲೆ ಕೂರಿಸಿ, ಗರಗರ ತಿರುಗಿಸಿ, ಬಣ್ಣ ಬಣ್ಣ ಕೂಡಿದರೆ ಕಣ್ಣಿಗೆ ಏನು ಕಾಣುತ್ತದೆ ಎಂದು ಅಳೆಯುತ್ತಿದ್ದರಂತೆ. ಅದು ಹತ್ತೊಂಬತ್ತನೆಯ ಶತಮಾನದ ಐವತ್ತರ ದಶಕ. ಅದೇ ದಶಕದಲ್ಲಿ ನಮ್ಮ ಕಡೆ ನರಗುಂದದ ಕೋಟೆಯ ಮೇಲೆ ಕಂಪನಿಯ ದಂಡು ಬಂದಿತ್ತು. ನಮ್ಮಜ್ಜಿ ಹೇಳುತ್ತಿದ್ದರು, ಅವರ ಅಜ್ಜಿ ಮೈಮೇಲಿನ ಒಡವೆ ಬಿಚ್ಚಿ ಸೆರಗಿಗೆ ಕಟ್ಟಿಕೊಂಡು, ನೆಲದೊಳಗಿನ ಜೋಳದ ಹಗೇವಿನಲ್ಲಿ ಇಳಿದು ಕೂತಿದ್ದರಂತೆ. ಮೇಲೆ ಕುದುರೆಗಳ ಸಪ್ಪಳ, ಕೆಳಗೆ ಜೋಳದ ಬಿಸಿ ವಾಸನೆ.

"ನಮ್ಮವರು ಹಗೇವಿನ್ಯಾಗ ಉಸುರು ಬಿಗಿಹಿಡಕೊಂಡು ಕುಂತಾಗ ನಿಮ್ಮ ಸಾಹೇಬ್ರು ಬುಗರಿ ಆಡಾಕತ್ತಿದ್ರೇನು?" ಎಂದೆ.

"ಆಡೂದಲ್ಲ, ಪ್ರಯೋಗ" ಎಂದರು ನಮ್ಮವರು. "ಅವರು ಬುಗರಿ ತಿರಗಿಸಿದ್ದಕ್ಕ ಇವತ್ತ ನೀ ಟೀವಿ ಒಳಗ ಬಣ್ಣದ ಸೀರಿ ನೋಡ್ತಿ."

ನನಗೆ ಟೀವಿಯೊಳಗಿನ ಸೀರೆಯ ಚಿಂತೆ ಇರಲಿಲ್ಲ. ಬಂದದ್ದು ಮೈಮೇಲಿನ ಸೀರೆಯ ಚಿಂತೆ.

ನಮ್ಮ ಒಬ್ಬಳೇ ಮಗಳು ಶೈಲಾಳನ್ನು ನರಗುಂದದ ಕಾಳುಕಡಿ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದೇವೆ. ಒಳ್ಳೆಯ ಮಂದಿ. ಅತ್ತೆ ನೀಲವ್ವನವರು ಮಾತಿನಲ್ಲಿ ಸ್ವಲ್ಪ ಖಾರ, ಕೈಯಲ್ಲಿ ಮಾತ್ರ ಬಹಳ ಧಾರಾಳ. ಆದರೆ ಮದುವೆಯ ದಿನವೇ ನಮ್ಮವರು ಒಂದು ಅನಾಹುತ ಮಾಡಿಟ್ಟಿದ್ದರು. ಊಟದ ಪಂಕ್ತಿಯಲ್ಲಿ ಬೀಗರ ಪಕ್ಕ ಕೂತು ಬೂಂದಿ ಉಂಡಿಯನ್ನು ಎಲೆಯ ಮೇಲೆ ಒಡೆದು, ಕಾಳು ಕಾಳು ಮಾಡಿ, ಅನ್ನದ ಗುಡ್ಡೆಯ ಸುತ್ತ ಹರಡಿದರು. ಹರಡಿ, "ಶನಿಯ ಸುತ್ತ ಇರೋ ಬಳಿ ಹಿಂಗ ಐತ್ರಿ ಬೀಗರ. ದೂರದಿಂದ ಗಟ್ಟಿ ಬಳಿ ಕಂಡಂಗ ಕಾಣ್ತೈತಿ, ಹತ್ರ ಹೋದ್ರ ಎಲ್ಲಾ ಬಿಡಿ ಬಿಡಿ ಕಾಳು. ಇದನ್ನ ಲೆಕ್ಕಾ ಹಾಕಿ ತೋರಿಸಿದವ್ರು ಯಾರಪಾ ಅಂದ್ರ..." ಎಂದು ಶುರು ಮಾಡಿದರು.

ಬಡಿಸುತ್ತಿದ್ದ ನನ್ನ ಕೈಯೊಳಗಿನ ಸಾರಿನ ಸೌಟು ಅಲ್ಲೇ ನಿಂತಿತು. ಮದುವೆ ಮನೆಯಲ್ಲಿ, ಅಕ್ಷತೆ ಬಿದ್ದ ಗಳಿಗೆಯಲ್ಲಿ, ಹೊಸ ಬೀಗರ ಎಲೆಯ ಪಕ್ಕದಲ್ಲಿ ಶನಿ! ಬೇರೆ ಗ್ರಹ ಸಿಗಲಿಲ್ಲವೆ ಸಾಹೇಬರಿಗೆ? ಗುರು ಇರಲಿಲ್ಲವೆ? ಶುಕ್ರ ಇರಲಿಲ್ಲವೆ?

ಅಂದಿನಿಂದ ಆ ಮನೆಯಲ್ಲಿ ಏನು ಕೆಟ್ಟರೂ ನೀಲವ್ವನವರ ಬಾಯಲ್ಲಿ ಒಂದೇ ಮಾತು. ಕಡಲೆಯ ಧಾರಣೆ ಇಳಿಯಲಿ, ಮೋಟಾರು ಸುಡಲಿ, ಹಾಲು ಒಡೆಯಲಿ, "ಏನ್ ಮಾಡೂದವಾ, ಮದುವಿ ದಿನಾನ ನಿಮ್ಮಪ್ಪಾರು ಶನಿ ಹೆಸರು ತಗದು ಎಲಿ ಮ್ಯಾಲೆ ಕುಂದರಿಸಿದ್ರು." ನಕ್ಕೇ ಹೇಳುತ್ತಿದ್ದರು, ನಿಜ. ಆದರೆ ದಿನಾ ಕೇಳುವವಳು ನನ್ನ ಮಗಳು. ಅವಳು ಬಸುರಿಯಾಗಿ, ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾದಾಗ ಫೋನಿನಲ್ಲಿ ಅತ್ತಳು.

"ಅವ್ವಾ, ಕೈ ಮುಗೀತೀನಿ. ಎಲ್ಲಾರ ಮನ್ಯಾಗ ಹ್ಯಾಂಗ ಮಾಡ್ತಾರ ಹಂಗ ಮಾಡ್ರಿ. ಅಪ್ಪ ಏನೂ ಹೊಸಾದು ಮಾಡೂದು ಬ್ಯಾಡ. ಈ ಒಂದು ಸಲ ನನ್ನ ಮಾರಿ ಉಳಸ್ರಿ."

ಇದರಲ್ಲಿ ಕೆಡಿಸುವುದಕ್ಕಾದರೂ ಏನಿದೆ ಹೇಳಿ. ಕುಬಸಕ್ಕೆ ತವರಿನವರು ಒಯ್ಯಬೇಕಾದದ್ದು ಹಸಿರು ಸೀರೆ, ಹಸಿರು ಬಳೆ, ಹೂವು, ಬುತ್ತಿ. ಹಸಿರು ಎಂದರೆ ಹಸಿರು. ಹಸುಗೂಸಿಗೂ ಗೊತ್ತು.

ಗಜೇಂದ್ರಗಡಕ್ಕೆ ಹೋಗಿ ಸೀರೆ ನೇಯಲು ಹೇಳಿಬರಲು ನಾನೇ ಹೊರಡಬೇಕಾಗಿತ್ತು. ನನ್ನ ಮೊಣಕಾಲು ಹೊರಡಲಿಲ್ಲ. "ನಾ ಹೋಗ್ತೀನಿ ಬಿಡು. ಅಲ್ಲಿ ಮಲ್ಲೇಶಿ ಮಗ್ಗಾ ಇಟ್ಟಾನ, ನನ್ನ ವಿದ್ಯಾರ್ಥಿ" ಎಂದು ನಮ್ಮವರು ಹೊರಟರು. ಬಸ್ಸು ಹತ್ತುವವರೆಗೂ "ಹಸರು, ಹಸರು" ಎಂದು ಜಪ ಮಾಡಿಸಿ ಕಳಿಸಿದೆ. ಅಂಗಿಯ ಕಿಸೆ ದುಂಡಗೆ ಉಬ್ಬಿದ್ದು ಕಂಡಿತ್ತು. ಎಲೆಯಡಿಕೆಯ ಚೀಲ ಇರಬೇಕು ಎಂದುಕೊಂಡೆ. ಸಂಜೆ ಬಂದವರ ಮುಖದಲ್ಲಿ ಒಂಥರಾ ಕಳೆ. "ಎಂಥಾ ಸೀರಿ ಬರ್ತೈತಿ ನೋಡ್ತಿರು" ಎಂದರು. ಹೆಂಡತಿಗೆ ಗಂಡನ ಮುಖದ ಕಳೆ ನೋಡಿದರೆ ಸಂತೋಷ ಆಗಬೇಕು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಕುಬಸಕ್ಕೆ ಉಳಿದ ದಿನ ಎಣಿಸಿದೆ.

ಕುಬಸಕ್ಕೆ ಒಂದು ದಿನ ಉಳಿದಿರುವಾಗ ಮಲ್ಲೇಶಿ ತಾನೇ ಸೀರೆ ಹಿಡಿದುಕೊಂಡು ಬಂದ. ನಾನು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಾಗದ ಬಿಚ್ಚಿದೆ.

ಹೇಗೆ ಹೇಳಲಿ ಆ ಬಣ್ಣವನ್ನು? ಬಾಡಿದ ಮೆಂತೆ ಸೊಪ್ಪನ್ನು ಬೆಲ್ಲದ ನೀರಿನಲ್ಲಿ ನೆನೆಹಾಕಿ ಮರೆತರೆ ಹೇಗಿರುತ್ತದೆ? ಹಾಗೆ. ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ದಾರಗಳನ್ನು ದೀಪದ ಕೆಳಗೆ ಆರಿಸಗೊಡುತ್ತಿರಲಿಲ್ಲ, ವರಾಂಡಕ್ಕೆ ಒಯ್ದು ಹಗಲು ಬೆಳಕಿನಲ್ಲೇ ನೋಡಬೇಕು. ನಾನು ಸೀರೆಯನ್ನು ಕಿಟಕಿಗೆ ಒಯ್ದೆ. ಹತ್ತಿರ ಹಿಡಿದರೆ ಚೊಕ್ಕ ಕೆಂಪು ಎಳೆ, ಚೊಕ್ಕ ಹಸಿರು ಎಳೆ, ಒಂದರ ಕೆಳಗೆ ಒಂದು ಎಷ್ಟು ಅಚ್ಚುಕಟ್ಟಾಗಿ ನುಸುಳಿದ್ದವೆಂದರೆ, ನೇಯ್ದವನ ಕೈಗೆ ಮುತ್ತು ಕೊಡಬೇಕು. ಕೈ ಚಾಚಿ ಹಿಡಿದರೆ ಮತ್ತೆ ಅದೇ ಮೆಂತೆ ಸೊಪ್ಪು.

"ಇದೇನ್ರಿ ಇದು?"

"ಹಾಸು ಕೆಂಪು, ಹೊಕ್ಕು ಹಸರು" ಎಂದರು ನಮ್ಮವರು, ಉತ್ಸಾಹದಿಂದ. "ಹಸರು ಅಂದ್ರ ಕುಬಸ. ಕೆಂಪು ಅಂದ್ರ ಕುಂಕುಮ. ಎರಡರ ಬೆಳಕೂ ಕಣ್ಣಾಗ ಕೂಡಿದ್ರ ಹಳದಿ, ಅಂದ್ರ ಬಂಗಾರ! ಒಂದು ಎಳಿ ಜರಿ ಇಲ್ಲದ ಬಂಗಾರದ ಸೀರಿ. ಸಾಹೇಬ್ರ ಲೆಕ್ಕ."

"ಬಂಗಾರ ಎಲ್ಲೈತ್ರಿ?"

ಅವರು ಸೀರೆಯನ್ನು ತಾವೂ ಕಿಟಕಿಗೆ ಒಯ್ದರು. ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಉತ್ಸಾಹ ಸ್ವಲ್ಪ ಇಳಿಯಿತು, ಶಾಸ್ತ್ರ ಇಳಿಯಲಿಲ್ಲ.

"ಹಳದಿನ ಇದು. ಬೆಳಕು ಸಾಲದ ಹಳದಿಗೆ ಮಂದಿ ಕಂದು ಅಂತಾರ, ಅಷ್ಟ."

"ಬೀಗ್ತಿಗೆ ಇದನ್ನ ಯಾರು ಹೇಳೂದು?"

"ನಾ ಹೇಳ್ತೀನಿ."

"ಹೇಳಬ್ಯಾಡ್ರಿ!" ನಾನು ಕೂಗಿದೆ. ನಾನು ಕೂಗಿದ್ದು ಕೇಳಿ ನನಗೇ ಗಾಬರಿಯಾಗಿ "ಸಾರಿ" ಎಂದೆ. ಕಾನ್ವೆಂಟಿನ ಚಟ.

ಮಲ್ಲೇಶಿ ಬಾಗಿಲ ಬಳಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತಿದ್ದ. "ಅಲ್ಲೋ ಮಲ್ಲೇಶಿ, ನೀ ನೇಕಾರಕಿ ಮಾಡಾಂವ. ನಿನಗರ ತಿಳೀಲಿಲ್ಲೇನು?" ಎಂದೆ.

"ಅನುಮಾನ ಬಂದಿತ್ರಿ ಅಕ್ಕಾರ. ಆದ್ರ ಸರ್ ಕಿಸೆದಾಗಿಂದ ಬುಗರಿ ತಗದು ಬಿಸಲಾಗ ತಿರಗಿಸಿ ತೋರಿಸಿದ್ರು. ನನ್ನ ಕಣ್ಣಾಗ ಖರೇನ ಹಳದಿ ಕಂಡಿತ್ರಿ. ನಮ್ಮ ಓಣಿಯವ್ರೆಲ್ಲಾ ಬಂದು ನೋಡಿದ್ರು. ಮ್ಯಾಲೆ..." ಎಂದು ತಲೆ ಕೆರೆದುಕೊಂಡ. "ಸರ್ ಮುಂದ ನಾ ಹ್ಯಾಂಗ ಬಾಯಿ ತಗೀಲ್ರಿ? ಕಾಲೇಜಿನ್ಯಾಗ ಬಾಯಿ ತಗದಾಗೊಮ್ಮೆ ಬೆಂಚಿನ ಮ್ಯಾಲೆ ನಿಲ್ಲಿಸ್ಯಾರ."

ನೋಡಿದಿರಾ? ಹುಡುಗರಿಗೆ ಗುರುಭಕ್ತಿ ಇರಬೇಕು ಎಂದು ನಾವೇ ಅನ್ನುತ್ತೇವೆ. ಇದ್ದರೆ ಹೀಗಾಗುತ್ತದೆ.

ಅವನಿಗೆ ಚಹ ಕೊಟ್ಟು ಕಳಿಸಿ, ಕುಂಟುತ್ತ ಪೇಟೆಗೆ ಹೋಗಿ, ಅಂಗಡಿಯವನು ತೋರಿಸಿದ ಮೊದಲನೇ ಗಿಳಿಹಸಿರು ಸೀರೆ ತಂದೆ. ನೋಡಿದರೆ ಕಣ್ಣು ಕುಕ್ಕುವಂಥದ್ದು. ಶನಿಗ್ರಹದಿಂದ ನೋಡಿದರೂ ಹಸಿರೇ ಕಾಣಬೇಕು, ಅಂಥದ್ದು. ಮನೆಗೆ ಬಂದು ನಮ್ಮವರನ್ನು ಎದುರು ಕೂರಿಸಿಕೊಂಡೆ. ಕಾನ್ವೆಂಟಿನಲ್ಲಿ ಗದ್ದಲ ಮಾಡಿದರೆ ಸಿಸ್ಟರ್ ತುಟಿಯ ಮೇಲೆ ಬೆರಳಿಡಿಸುತ್ತಿದ್ದರು. ನಾನೂ ಹಾಗೇ ಮಾಡಿಸಿದೆ.

"ನಾಳೆ ನರಗುಂದದಾಗ ಬಣ್ಣಾ ಇಲ್ಲ, ಬುಗರಿ ಇಲ್ಲ, ಸಾಹೇಬ್ರೂ ಇಲ್ಲ. ನಾ ಹೇಳೂತನಕಾ ಬಾಯಿ ಬಿಡಬಾರದು. ಮಗಳ ಆಣಿ."

ತುಟಿಯ ಮೇಲೆ ಬೆರಳಿಟ್ಟುಕೊಂಡೇ ತಲೆಯಾಡಿಸಿದರು. ಆಮೇಲೆ ಬೆರಳು ತೆಗೆದು, "ಸಾಹೇಬ್ರ ಹೆಂಡ್ತಿ ಪ್ರಯೋಗಕ್ಕ ಅಂತ ತಾವ ಒಲಿ ಮುಂದ ಕುಂತು ಬೆಂಕಿ ಹಾಕ್ತಿದ್ರಂತ" ಎಂದರು, ಗೋಡೆಗೆ ಹೇಳಿದಂತೆ.

"ನಾ ಏನ್ ಮಾಡಾಕತ್ತೀನ್ರಿ ಇಷ್ಟ ವರ್ಷಾ?" ಎಂದೆ.

ಮರುದಿನ ಚೀಲ ತುಂಬುವಾಗ ತಳದಲ್ಲಿ ಆ ಮೆಂತೆ ಸೊಪ್ಪಿನ ಸೀರೆ ಇತ್ತು. ಅವರೇ ಮಡಿಚಿ ಇಟ್ಟಿದ್ದರು. ಜನ್ಮದಲ್ಲಿ ಒಂದು ಕರವಸ್ತ್ರ ಮಡಿಚಿದವರಲ್ಲ. ಅಂಚಿಗೆ ಅಂಚು ಕೂಡಿಸಲು ನೋಡಿ ಸೋತಿದ್ದು ಕಾಣುತ್ತಿತ್ತು. ತೆಗೆದು ಹೊರಗಿಡಬೇಕೆಂದು ಕೈ ಹಾಕಿದೆ. ಯಾಕೋ ಆಗಲಿಲ್ಲ. ಅದರ ಮೇಲೆ ಬುತ್ತಿಯ ಡಬ್ಬಿ ಇಟ್ಟೆ.

ನರಗುಂದದಲ್ಲಿ ಎಲ್ಲ ಸರಿಯಾಗೇ ನಡೆಯಿತು. ಗಿಳಿಹಸಿರು ಸೀರೆ ನೋಡಿ ನೀಲವ್ವನವರು "ಬಣ್ಣಾ ಭಾಳ ಜೋರೈತಿ" ಎಂದರು, ಅಷ್ಟೇ. ಬಳೆ ಇಡಿಸಿದರು, ಉಡಿ ತುಂಬಿದರು, ಹಾಡಾಯಿತು. ಶೈಲಾಳ ಮುಖ ಮಾತ್ರ ಅರಳಲಿಲ್ಲ. ಆರತಿಯ ತಟ್ಟೆಯ ಆಚೆಯಿಂದ ಪಡಸಾಲೆಯತ್ತಲೇ ನೋಡುತ್ತಿದ್ದಳು. ಅಲ್ಲಿ ನಮ್ಮವರು ಕಡಲೆಯ ಚೀಲಗಳಿಗೆ ಬೆನ್ನು ಕೊಟ್ಟು, ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು, ಬೆಂಚಿನ ಮೇಲೆ ನಿಂತು ಶಿಕ್ಷೆ ಮುಗಿಸಿದ ಹುಡುಗನಂತೆ ಕೂತಿದ್ದರು. ಬೀಗರು ಮಳೆಯ ಮಾತು ತೆಗೆದರು, ಇವರು ತಲೆಯಾಡಿಸಿದರು. ಧಾರಣೆಯ ಮಾತು ತೆಗೆದರು, ತಲೆಯಾಡಿಸಿದರು. ಯಾರೋ ನೆಂಟರು ಮಳೆಬಿಲ್ಲು ಹೇಗೆ ಮೂಡುತ್ತದೆ ಮಾಸ್ತರ್ರ ಎಂದು ತಾವಾಗಿಯೇ ಕೇಳಿದರು! ನಮ್ಮವರು ನನ್ನತ್ತ ಒಮ್ಮೆ ನೋಡಿ, "ಮಳಿ ಬಂದ್ರ ಮೂಡತೈತ್ರಿ" ಎಂದು ಸುಮ್ಮನಾದರು.

ಶೈಲಾ ನನ್ನನ್ನು ಒಳಕೋಣೆಗೆ ಎಳೆದುಕೊಂಡು ಹೋದಳು.

"ಅವ್ವಾ, ಅಪ್ಪಗ ಏನಾಗೈತಿ? ಖರೇ ಹೇಳು. ದವಾಖಾನಿಗೆ ತೋರಿಸೀರಿಲ್ಲೋ?"

"ಏನೂ ಆಗಿಲ್ಲ. ಸುಮ್ಮ ಕುಂಡ್ರು ಅಂದೀನಿ."

"ಯಾಕ?"

"ಯಾಕಂದ್ರ! ನೀನ ಅಲ್ಲೇನು ಅತ್ತಾಕಿ, ಹೊಸಾದು ಏನೂ ಬ್ಯಾಡ ಅಂತ?"

"ಹೊಸಾದು ಬ್ಯಾಡ ಅಂದಿದ್ದೆ ಅವ್ವಾ. ಅಪ್ಪ ಬ್ಯಾಡ ಅಂದಿದ್ದಿಲ್ಲ."

ಇನ್ನು ಮುಚ್ಚಿಡುವುದೇನು? ಹೇಳಿದೆ. ಚೀಲದ ತಳದಿಂದ ತೆಗೆದೂ ತೋರಿಸಿದೆ. ಅವಳು ಆ ವಕ್ರ ಮಡಿಕೆಯನ್ನು ಬಿಡಿಸದೆ ಸ್ವಲ್ಪ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿದಳು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹೊರಗೆ ಬಂದಳು, ಅದನ್ನೇ ಉಟ್ಟು. ಹೋಳಿಗೆ ಬಡಿಸುತ್ತಿದ್ದ ಹೆಂಗಸರೆಲ್ಲ ನಿಂತರು. ನೀಲವ್ವನವರು ಸೊಂಟದ ಮೇಲೆ ಕೈಯಿಟ್ಟರು.

"ಇದ್ಯಾವ ಬಣ್ಣವಾ, ಸೊಸಿ? ಕುಬಸದ ದಿನಾ ಸಗಣಿ ನೀರಿನ ಬಣ್ಣಾ ಉಟಗೊಂಡು ಬಂದೀ?"

"ಇದು ಬಂಗಾರದ ಬಣ್ಣರೀ ಅತ್ತಿ. ನಮ್ಮಪ್ಪ ಲೆಕ್ಕಾ ಹಾಕಿ ನೇಯಿಸ್ಯಾರ. ಎಳಿ ಎಳಿ ಕಣ್ಣಾಗ ಕೂಡಬೇಕ್ರಿ. ಭಾಳ ಹತ್ರ ನಿಂತೀರಿ, ಅದಕ್ಕ ಕಾಣವಲ್ದು. ಹಿಂದ ಸರೀರಿ."

ಆ ದನಿ ನನಗೆ ಗೊತ್ತು. ಅಡುಗೆಮನೆಯ ಬಾಗಿಲಿನಲ್ಲಿ ದಿನಾ ಕೇಳುತ್ತೇನೆ.

ನೀಲವ್ವನವರು ಸರಿದರು. "ಇನ್ನೂ ಹಿಂದ್ರಿ" ಎಂದಳು. ಪಡಸಾಲೆ ದಾಟಿದರು. "ಇನ್ನೂ" ಎಂದಳು. ಅಂಗಳಕ್ಕಿಳಿದರು. ಇವಳೂ ಬಿಸಿಲು ಬೀಳುವ ಹೊಸ್ತಿಲಿಗೆ ಬಂದು ಸೆರಗು ಹರಡಿ ಹಿಡಿದು ನಿಂತಳು. ಹೆಂಗಸರೆಲ್ಲ ಅತ್ತೆಯ ಹಿಂದೆ ಇಳಿದರು. ಕೊನೆಗೆ ನೀಲವ್ವನವರು ಬೀದಿಯ ಆಚೆ ದಂಡೆಯಲ್ಲಿ, ಎದುರು ಮನೆಯ ಕಟ್ಟೆಗೆ ಬೆನ್ನು ಹತ್ತಿಸಿ, ಹಣೆಗೆ ಕೈ ಅಡ್ಡ ಹಿಡಿದು ನಿಂತರು.

"ಈಗ ಏನು ಕಾಣ್ತೈತ್ರಿ ಅತ್ತಿ?"

"ಚಾಳೀಸ ಒಳಗ ಬಿಟ್ಟ ಬಂದೀನಿ!" ಎಂದು ಅಲ್ಲಿಂದ ಕೂಗಿದರು. "ಇಲ್ಲಿಂದ ನನಗ ನೀನ ಕಾಣವಲ್ಲಿ, ಬಣ್ಣಾ ಎಲ್ಲಿಂದ ಕಾಣಬೇಕು!"

ಬೀದಿಗೆ ಬೀದಿಯೇ ನಕ್ಕಿತು. ಮೊದಲು ನಕ್ಕವರು ನೀಲವ್ವನವರೇ. ಆಮೇಲೆ ಶುರುವಾಯಿತು ನೋಡಿ ಜಗಳ. ಒಬ್ಬಾಕೆಗೆ ಕೆಂಪು ಕಂಡಿತಂತೆ, ಇನ್ನೊಬ್ಬಾಕೆಗೆ ಹಸಿರು. ಬೀಗರ ತಂಗಿ ಅಂಚಿನ ಮೇಲೆ ಬಿಸಿಲು ಬಿದ್ದಲ್ಲಿ ಬಂಗಾರ ಹೊಳೆಯಿತು ಎಂದು ಆಣೆ ಹಾಕಿದರು. ಇನ್ನೊಬ್ಬರು ಅವರ ಕಣ್ಣಿನ ಪೊರೆಯ ಸುದ್ದಿ ತೆಗೆದರು. ಸರಿದು ನೋಡುವವರು, ಬಗ್ಗಿ ನೋಡುವವರು, ಸೆರಗಿನ ಎಳೆ ಎಣಿಸುವವರು. ಇತ್ತ ಹಾಕಿದ ಎಲೆಗಳು ಹಾಗೇ. ಬಡಿಸಿದ ಹೋಳಿಗೆಯ ಮೇಲೆ ತುಪ್ಪ ಗಟ್ಟಿಯಾಗುತ್ತಿತ್ತು. ಸಾರಿನ ಬಿಸಿ ಹೋಗುತ್ತಿತ್ತು. ನಾನೊಬ್ಬಳೇ ಸೌಟು ಹಿಡಿದು ನಿಂತಿದ್ದೆ. ನೆಲದ ಮೇಲೆ ಕಾಲೂರಿದವರು ಒಬ್ಬರಾದರೂ ಬೇಡವೆ ಒಂದು ಸಮಾರಂಭಕ್ಕೆ?

ನೀಲವ್ವನವರು ದಣಿದು ಒಳಗೆ ಬಂದು ನಮ್ಮವರ ಎದುರಿಗೆ ಚಾಪೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡರು. ಸೊಸೆಯನ್ನು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಮಾಸ್ತರ್ರ, ಮುಂಜಾನಿಂದ ನೋಡಾಕತ್ತೀನಿ, ಮುಕ್ಕಳಿಸೋ ನೀರು ಬಾಯಾಗ ಇಟಗೊಂಡವ್ರಂಗ ಕುಂತೀರಿ. ನಿಮ್ಮ ಮಗಳು ನನ್ನ ಓಣಿ ತುಂಬ ಹಿಂದ ಮುಂದ ಓಡ್ಯಾಡಿಸಿದ್ಲು. ಖರೇ ಹೇಳ್ರಿ, ಇದ್ಯಾವ ಬಣ್ಣಾ?"

ನಮ್ಮವರ ತುಟಿ ಅಲುಗಿತು. ಆಣೆ ನೆನಪಿತ್ತು. ನನ್ನ ಕಡೆ ನೋಡಿದರು. ಶೈಲಾಳೂ ನೋಡಿದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ನೀಲವ್ವನವರೂ ಇವರಿಬ್ಬರ ಕಣ್ಣು ಹೋದ ಕಡೆ ತಿರುಗಿದರು.

"ಹೇಳ್ರಿ" ಎಂದೆ. "ಆದ್ರ ಬಣ್ಣಕ್ಕ ನಿಂದರ್ರಿ. ಅದರ ಮುಂದ ಹೋಗಬ್ಯಾಡ್ರಿ."

ಅವರು ಕನ್ನಡಕ ಸರಿಮಾಡಿಕೊಂಡು ಮುಂದೆ ಸರಿದು ಕೂತದ್ದು ಕಂಡಿತು. ನಾನು ಒಳಗೆ ಹೋಗಿ ಅನ್ನದ ಬೋಗುಣಿಗೆ ತಟ್ಟೆ ಮುಚ್ಚಿ, ಸಾರನ್ನು ಮತ್ತೆ ಒಲೆಯ ಮೇಲಿಟ್ಟೆ.